ಹ್ಯಾಕ್ನಿಯ ಒಂದು ನಿವೇಶನ, ಎರಡು ಶಾಲೆಗಳು

ಶಾಲೆಗಳ ಚರಿತ್ರೆಯನ್ನು ಬರೆದಿಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಬೆಳ್ಳಿಹಬ್ಬಕ್ಕೋ ಸುವರ್ಣ ಮಹೋತ್ಸವಕ್ಕೋ ಒಂದು ಸ್ಮರಣ ಸಂಚಿಕೆ ಹೊರಬರುತ್ತದೆ. ಅದರಲ್ಲಿ ಮಂತ್ರಿಗಳ ಶುಭಸಂದೇಶ, ಸ್ಥಾಪಕರ ಭಾವಚಿತ್ರ, ಜವಳಿ ಅಂಗಡಿಯ ಜಾಹೀರಾತು, ಡಾಕ್ಟರು ಎಂಜಿನಿಯರುಗಳಾದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಇವೆಲ್ಲ ಇರುತ್ತವೆ. ಯಾವ ವರ್ಷ ದಾಖಲಾತಿ ಏಕೆ ಕುಸಿಯಿತು, ಯಾವ ಮಕ್ಕಳು ನಡುವೆಯೇ ಬಿಟ್ಟುಹೋದರು, ಯಾರ ಮೇಲೆ ಯಾರು ತಪ್ಪು ಹೊರಿಸಿದರು ಎಂಬುದು ಮಾತ್ರ ಇರುವುದಿಲ್ಲ. ಆದ್ದರಿಂದ ಒಂದು ಶಾಲೆ 'ಒಳ್ಳೆಯದು' ಅಥವಾ 'ಕೆಟ್ಟದ್ದು' ಎನಿಸಿಕೊಳ್ಳುವುದು ಹೇಗೆಂದು ತಿಳಿಯಬೇಕಾದರೆ ದಾಖಲೆ ಚೆನ್ನಾಗಿ ಉಳಿದಿರುವ ಕಡೆಗೆ ಹೋಗಬೇಕಾಗುತ್ತದೆ. ನಿವೃತ್ತಿಯ ನಂತರ ಬಿಡುವಾದಾಗಲೆಲ್ಲ ನಾನು ಓದುತ್ತ ಬಂದಿರುವ ಅಂತಹದೊಂದು ಚರಿತ್ರೆಯನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಲಂಡನ್ ನಗರದ ಈಶಾನ್ಯ ಭಾಗದಲ್ಲಿ ಹ್ಯಾಕ್ನಿ ಎಂಬ ಪ್ರದೇಶವಿದೆ. ಅಲ್ಲಿ ರೈಲುಹಳಿಗಳಿಗೆ ಬೆನ್ನು ಮಾಡಿದ, ಹ್ಯಾಕ್ನಿ ಡೌನ್ಸ್ ಎಂಬ ಹುಲ್ಲುಬಯಲಿಗೆ ಮುಖ ಮಾಡಿದ ಒಂದು ನಿವೇಶನ. ಅದರ ಮೇಲೆ ಮೊದಲೊಂದು ಶಾಲೆಯಿತ್ತು. ಅದನ್ನು ಪತ್ರಿಕೆಗಳು ಬ್ರಿಟನ್ನಿನ ಅತ್ಯಂತ ಕೆಟ್ಟ ಶಾಲೆ ಎಂದು ಕರೆದವು, ಸರ್ಕಾರ 1995ರಲ್ಲಿ ಮುಚ್ಚಿಸಿತು. ಒಂಬತ್ತು ವರ್ಷಗಳಾದ ಮೇಲೆ ಅದೇ ನೆಲದ ಮೇಲೆ ಇನ್ನೊಂದು ಶಾಲೆ ಬಂದಿತು. ಅದನ್ನು ಅದೇ ಪತ್ರಿಕೆಗಳು ದೇಶಕ್ಕೆ ಮಾದರಿ ಎಂದು ಹೊಗಳಿದವು.

ಮೊದಲನೆಯದು ಕಿರಾಣಿ ವರ್ತಕರು ಕಟ್ಟಿಸಿದ ಶಾಲೆ. ಲಂಡನ್ನಿನ ಹಳೆಯ ವೃತ್ತಿಸಂಘಗಳಲ್ಲಿ ಗ್ರೋಸರ್ಸ್ ಕಂಪನಿ ಎಂಬುದು ಒಂದು. ಅದರ ಮೂಲ ಮೆಣಸಿನ ವ್ಯಾಪಾರಿಗಳ ಸಂಘ. ಅವರ ಲಾಂಛನದ ಮೇಲ್ಗಡೆ ಹೇರು ಹೊತ್ತ ಒಂಟೆಯಿದೆ, ಗುರಾಣಿಯ ಮೇಲೆ ಒಂಬತ್ತು ಲವಂಗಗಳಿವೆ. ಮಧ್ಯಯುಗದ ಯುರೋಪಿಗೆ ಕರಿಮೆಣಸು ಹೋಗುತ್ತಿದ್ದದ್ದು ಬಹುಪಾಲು ನಮ್ಮ ಪಶ್ಚಿಮ ಕರಾವಳಿಯಿಂದ. ಅರಬ್ಬರ, ವೆನಿಸ್ಸಿನವರ ಕೈದಾಟಿ ಅದು ಲಂಡನ್ ತಲಪುತ್ತಿತ್ತು. ಹ್ಯಾಕ್ನಿಯ ಹುಡುಗರ ಟೋಪಿಯ ಲಾಂಛನಕ್ಕೂ ನಮ್ಮ ಘಟ್ಟದ ಮೆಣಸಿನ ಬಳ್ಳಿಗೂ ಇರುವ ಈ ದೂರದ ನಂಟು ನನಗೆ ಬಹಳ ಹಿಡಿಸಿದ ಸಂಗತಿ. ಇರಲಿ. ಆ ಕಂಪನಿ 1876ರಲ್ಲಿ ಗಂಡುಮಕ್ಕಳಿಗಾಗಿ ಈ ಶಾಲೆಯನ್ನು ತೆರೆಯಿತು. 1906ರಲ್ಲಿ ಅದು ಲಂಡನ್ ಕೌಂಟಿ ಕೌನ್ಸಿಲಿನ ಆಡಳಿತಕ್ಕೆ ಸೇರಿ ಹ್ಯಾಕ್ನಿ ಡೌನ್ಸ್ ಶಾಲೆಯೆನಿಸಿತು. ಹಳೆಯ ವಿದ್ಯಾರ್ಥಿಗಳ ಸಂಘದ ಹೆಸರು ಮಾತ್ರ ಇಂದಿಗೂ 'ಕ್ಲೋವ್ ಕ್ಲಬ್', ಅಂದರೆ ಲವಂಗ ಸಂಘ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಶಾಲೆಯ ಹುಡುಗರಲ್ಲಿ ಬಹುದೊಡ್ಡ ಪಾಲು ಯಹೂದ್ಯರು. ಪೂರ್ವ ಯುರೋಪಿನ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳು. ದರ್ಜಿಗಳ, ಮರಗೆಲಸದವರ, ಸಣ್ಣ ಅಂಗಡಿಕಾರರ ಮನೆಯವರು. ಹನ್ನೊಂದನೆಯ ವಯಸ್ಸಿನಲ್ಲಿ ಪರೀಕ್ಷೆ ನಡೆಸಿ ಆರಿಸಿಕೊಳ್ಳುತ್ತಿದ್ದ ಗ್ರಾಮರ್ ಶಾಲೆ ಇದಾಗಿತ್ತು. ನಾಟಕಕಾರ ಹೆರಾಲ್ಡ್ ಪಿಂಟರ್ 1944ರಿಂದ 1948ರವರೆಗೆ ಇಲ್ಲಿ ಓದಿದರು. ಅವರ ತಂದೆ ಹೆಂಗಸರ ಉಡುಪು ಹೊಲಿಯುವ ದರ್ಜಿ. ಜೋಸೆಫ್ ಬ್ರಿಯರ್ಲಿ ಎಂಬ ಇಂಗ್ಲಿಷ್ ಉಪಾಧ್ಯಾಯರು ಈ ಹುಡುಗನನ್ನು ಶಾಲೆಯ ರಂಗದ ಮೇಲೆ ಮ್ಯಾಕ್‌ಬೆತ್ ಆಗಿಯೂ ರೋಮಿಯೋ ಆಗಿಯೂ ನಿಲ್ಲಿಸಿದರು. ಪಿಂಟರ್ ಆ ಉಪಾಧ್ಯಾಯರನ್ನು ಕೊನೆಯವರೆಗೂ ನೆನೆದರು, ಅವರ ಕುರಿತು ಕವಿತೆಯನ್ನೂ ಬರೆದರು. 2005ರಲ್ಲಿ ಪಿಂಟರ್ ಅವರಿಗೆ ನೊಬೆಲ್ ಪಾರಿತೋಷಕ ಬಂದಾಗ ಅವರ ಶಾಲೆ ಇಲ್ಲವಾಗಿ ಹತ್ತು ವರ್ಷಗಳಾಗಿದ್ದವು.

ಕುಸಿತಕ್ಕೆ ಒಂದೇ ಕಾರಣವಿರಲಿಲ್ಲ. 1963ರಲ್ಲಿ ಬೆಂಕಿ ಬಿದ್ದು ಹಳೆಯ ಕಟ್ಟಡದ ಮುಖ್ಯ ಭಾಗ ಸುಟ್ಟುಹೋಯಿತು. 1969ರಲ್ಲಿ ಶಾಲೆ ಆಯ್ಕೆಯ ಪದ್ಧತಿಯನ್ನು ಬಿಟ್ಟು ಎಲ್ಲರಿಗೂ ತೆರೆದ 'ಕಾಂಪ್ರಿಹೆನ್ಸಿವ್' ಶಾಲೆಯಾಯಿತು. ಹನ್ನೊಂದನೆಯ ವಯಸ್ಸಿಗೇ ಮಕ್ಕಳನ್ನು ಜಾಣ ದಡ್ಡರೆಂದು ವಿಂಗಡಿಸುವುದು ಅನ್ಯಾಯವೆಂದು ಇಂಗ್ಲೆಂಡಿನ ಅನೇಕ ಶಿಕ್ಷಣ ಚಿಂತಕರು ಅರಿತಿದ್ದ ಕಾಲ ಅದು, ನನ್ನ ಅಭಿಪ್ರಾಯವೂ ಅದೇ. ಅನುಕೂಲಸ್ಥ ಕುಟುಂಬಗಳು ಆ ವೇಳೆಗೆ ಉಪನಗರಗಳಿಗೆ ಸರಿಯತೊಡಗಿದ್ದವು. ಅವರ ಸ್ಥಳಕ್ಕೆ ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ, ತುರ್ಕಿ ಮತ್ತು ಸೈಪ್ರಸ್ಸಿನಿಂದ, ನಮ್ಮ ಉಪಖಂಡದಿಂದ ವಲಸೆ ಬಂದವರು ನೆಲಸಿದರು. ಹಡಗುಕಟ್ಟೆಗಳೂ ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿದವು. ಮೊದಲ ಪೀಳಿಗೆಯ ವಲಸಿಗರ ಮಕ್ಕಳು ಹಿಂದೆಯೂ ಆ ಶಾಲೆಗೆ ಬರುತ್ತಿದ್ದರು, ಈಗಲೂ ಬಂದರು. ಆದರೆ ಹಿಂದೆ ಪರೀಕ್ಷೆಯಲ್ಲಿ ಆಯ್ದವರು ಬರುತ್ತಿದ್ದರು, ಈಗ ಎಲ್ಲರೂ ಬಂದರು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದೆ 'ಆ ಕಾಲದ ಮೇಷ್ಟರುಗಳೇ ಬೇರೆ' ಎಂದು ಮರುಗುವವರು ಇಲ್ಲಿಯೂ ಇದ್ದಾರೆ, ಅಲ್ಲಿಯೂ ಇದ್ದಾರೆ.

ನಿಜವಾದ ಪೆಟ್ಟು ಬಿದ್ದದ್ದು 1988ರ ಶಿಕ್ಷಣ ಕಾಯಿದೆಯಿಂದ ಎಂದು ನನ್ನ ಎಣಿಕೆ. ಅದು ಪೋಷಕರಿಗೆ ಶಾಲೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವಿಸ್ತರಿಸಿತು, ಮತ್ತು ಮಗು ಹೋದ ಕಡೆಗೆ ಹಣವೂ ಹೋಗುವಂತೆ ಮಾಡಿತು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಇದರ ಪರಿಣಾಮವನ್ನು ಶಾಲೆಯ ಕಚೇರಿಯಲ್ಲಿ ಕೂತವರು ಮಾತ್ರ ಬಲ್ಲರು. ಒಂದು ಶಾಲೆಗೆ ಕೆಟ್ಟ ಹೆಸರು ಬಂದ ವರ್ಷ, ಓಡಾಡಿ ವಿಚಾರಿಸಬಲ್ಲ ತಂದೆತಾಯಿಗಳು ಮೊದಲು ಮಕ್ಕಳನ್ನು ತೆಗೆಯುತ್ತಾರೆ. ಸ್ಥಾನಗಳು ಖಾಲಿಯಾಗುತ್ತವೆ, ಅನುದಾನ ಇಳಿಯುತ್ತದೆ, ಒಳ್ಳೆಯ ಶಿಕ್ಷಕರು ಬೇರೆ ಕಡೆ ಅರ್ಜಿ ಹಾಕುತ್ತಾರೆ. ಖಾಲಿ ಸ್ಥಾನವಿರುವ ಶಾಲೆ ಬಂದ ಮಗುವನ್ನು ಬೇಡವೆನ್ನುವಂತಿಲ್ಲ. ಹೀಗಾಗಿ ಬೇರೆ ಶಾಲೆಗಳಿಂದ ಹೊರಹಾಕಲ್ಪಟ್ಟವರು, ವರ್ಷದ ನಡುವೆ ಊರಿಗೆ ಬಂದಿಳಿದವರು, ಇಂಗ್ಲಿಷಿನ ಒಂದು ಮಾತೂ ಬಾರದವರು ಅಲ್ಲಿಗೇ ಬಂದು ಸೇರುತ್ತಾರೆ. 1992ರಿಂದ ಶಾಲೆಗಳ ಫಲಿತಾಂಶದ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸತೊಡಗಿತು. ಪಟ್ಟಿಯಲ್ಲಿ ಶಾಲೆಯ ಹೆಸರೂ ಅಂಕಿಯೂ ಇರುತ್ತಿದ್ದವು, ಈ ಕಥೆ ಇರುತ್ತಿರಲಿಲ್ಲ.

ಅದೇ ಕಾಯಿದೆಯ ಫಲವಾಗಿ ಲಂಡನ್ ಒಳನಗರದ ಶಿಕ್ಷಣ ಪ್ರಾಧಿಕಾರವೂ 1990ರಲ್ಲಿ ರದ್ದಾಗಿ ಶಾಲೆಗಳು ಬಡ ಸ್ಥಳೀಯ ಕೌನ್ಸಿಲುಗಳ ಕೈಗೆ ಬಂದವು. ಹ್ಯಾಕ್ನಿ ಕೌನ್ಸಿಲಿನ ಆಡಳಿತ ಆಗ ಅಸ್ತವ್ಯಸ್ತವಾಗಿತ್ತು. ಹ್ಯಾಕ್ನಿ ಡೌನ್ಸ್ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಮೇಲಿಂದ ಮೇಲೆ ಬದಲಾದರು. 1994ರಲ್ಲಿ ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್ ಇದನ್ನು ವಿಫಲ ಶಾಲೆಯೆಂದು ಘೋಷಿಸಿತು. ಕೌನ್ಸಿಲ್ ಮೊದಲು ಮುಚ್ಚುವೆನೆಂದಿತು, ಅನಂತರ ಮುಚ್ಚುವುದಿಲ್ಲವೆಂದಿತು. 1995ರ ಬೇಸಿಗೆಯಲ್ಲಿ ಶಿಕ್ಷಣ ಸಚಿವೆ ಗಿಲಿಯನ್ ಶೆಫರ್ಡ್ ಮಧ್ಯೆ ಪ್ರವೇಶಿಸಿ ಒಂದು ತಜ್ಞ ಮಂಡಳಿಗೆ ಶಾಲೆಯನ್ನು ಒಪ್ಪಿಸಿದರು. ಸರ್ಕಾರ ಆ ಅಧಿಕಾರವನ್ನು ಬಳಸಿದ್ದು ಅದೇ ಮೊದಲು. ಮಂಡಳಿ ಕೆಲವೇ ತಿಂಗಳಲ್ಲಿ ಮುಚ್ಚುವುದೇ ಲೇಸೆಂದು ವರದಿ ಕೊಟ್ಟಿತು. ಪೋಷಕರು ನ್ಯಾಯಾಲಯಕ್ಕೆ ಹೋದರು, ಫಲ ಸಿಗಲಿಲ್ಲ. ಡಿಸೆಂಬರ್ ಕೊನೆಗೆ ಬಾಗಿಲು ಹಾಕಿದಾಗ ಶಾಲೆಯಲ್ಲಿ ಉಳಿದಿದ್ದವರು ಸುಮಾರು 200 ಹುಡುಗರು. ಶೈಕ್ಷಣಿಕ ವರ್ಷದ ನಡುಮಧ್ಯದಲ್ಲಿ, ಆ ಬೇಸಿಗೆಗೆ ಪಬ್ಲಿಕ್ ಪರೀಕ್ಷೆ ಬರೆಯಬೇಕಾಗಿದ್ದವರನ್ನೂ ಒಳಗೊಂಡಂತೆ, ಅವರನ್ನು ಎಬ್ಬಿಸಿ ಕಳುಹಿಸಲಾಯಿತು. ನಮ್ಮ ಕಡೆ ಜನವರಿಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ವರ್ಗಾವಣೆ ಪತ್ರ ಕೊಟ್ಟು ಕಳಿಸಿದರೆ ಹೇಗಿರುತ್ತದೆಂದು ಶಿಕ್ಷಕರಾದವರು ಊಹಿಸಿಕೊಳ್ಳಬಹುದು.

ಈ ಮುಚ್ಚುವಿಕೆಯನ್ನು ಕುರಿತು ಎರಡು ಚರಿತ್ರೆಗಳಿವೆ. ಒಂದರಲ್ಲಿ ಮಕ್ಕಳ ಭವಿಷ್ಯವನ್ನು ಕಾಪಾಡಲು ಸರ್ಕಾರ ಕಠಿಣ ನಿರ್ಧಾರ ಕೈಗೊಂಡಿತು. ಇನ್ನೊಂದನ್ನು ಆ ಶಾಲೆಯ ಕೊನೆಯ ದಿನಗಳಲ್ಲಿ ಹೋರಾಡಿದವರು 1999ರಲ್ಲಿ ಪುಸ್ತಕವಾಗಿಯೇ ಹೊರತಂದರು. ಇತರರ ತಪ್ಪಿಗೆ ಶಾಲೆಯನ್ನು ಬಲಿಗೊಡಲಾಯಿತು ಎಂಬುದು ಅದರ ವಾದ. ಎರಡರಲ್ಲೂ ಸತ್ಯವಿದೆ. ತರಗತಿಗಳು ಸರಿಯಾಗಿ ನಡೆಯುತ್ತಿರಲಿಲ್ಲವೆಂಬುದು ಸುಳ್ಳಲ್ಲ. ಆದರೆ ಅಷ್ಟೊಂದು ಕಷ್ಟದ ಮಕ್ಕಳನ್ನು ಒಂದೇ ಕಟ್ಟಡದಲ್ಲಿ ತಂದು ತುಂಬಿದವರು ಆ ತರಗತಿಗಳಲ್ಲಿ ನಿಂತಿದ್ದ ಶಿಕ್ಷಕರಲ್ಲ.

ಅನಂತರದ ಒಂಬತ್ತು ವರ್ಷಗಳಲ್ಲಿ ರಾಜಕೀಯ ಬದಲಾಯಿತು. 1997ರಲ್ಲಿ ಲೇಬರ್ ಪಕ್ಷ ಅಧಿಕಾರಕ್ಕೆ ಬಂದಿತು. 2000ದಲ್ಲಿ ಶಿಕ್ಷಣ ಸಚಿವ ಡೇವಿಡ್ ಬ್ಲಂಕೆಟ್ 'ಅಕಾಡೆಮಿ' ಎಂಬ ಹೊಸ ಮಾದರಿಯನ್ನು ಪ್ರಕಟಿಸಿದರು: ಸರ್ಕಾರದ ಹಣ, ಉಚಿತ ಶಿಕ್ಷಣ, ಆದರೆ ಸ್ಥಳೀಯ ಕೌನ್ಸಿಲಿನ ಹಿಡಿತವಿಲ್ಲದೆ ಒಬ್ಬ ಪ್ರಾಯೋಜಕರ ಮಂಡಳಿಯ ಆಡಳಿತ. 2002ರಲ್ಲಿ ಹ್ಯಾಕ್ನಿ ಕೌನ್ಸಿಲಿನ ಕೈಯಿಂದ ಶಿಕ್ಷಣದ ಹೊಣೆಯನ್ನೇ ತೆಗೆದು ಲಾಭರಹಿತ ಸಂಸ್ಥೆಯೊಂದಕ್ಕೆ ಹತ್ತು ವರ್ಷಗಳ ಅವಧಿಗೆ ಒಪ್ಪಿಸಿದರು. ಹ್ಯಾಕ್ನಿಯಲ್ಲೇ ಬೆಳೆದು ಉದ್ಯಮಿಯಾಗಿದ್ದ ಸರ್ ಕ್ಲೈವ್ ಬೋರ್ನ್ ಪ್ರಾಯೋಜಕರಾಗಿ ಮುಂದೆ ಬಂದರು. ತಂದೆ ಮಾಸ್ ಬೋರ್ನ್ ಅವರ ಹೆಸರನ್ನು ಶಾಲೆಗಿಟ್ಟರು. ಮಾಸ್‌ಬೋರ್ನ್ ಶಾಲೆ 2004ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು, ಈ ಸಲ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ.

ಮಗಳ ಮನೆಗೆಂದು 2019ರಲ್ಲಿ ಹೋಗಿದ್ದಾಗ ಬಯಲಿನ ಕಡೆಯಿಂದ ಆ ಕಟ್ಟಡವನ್ನು ನೋಡಿದ್ದೇನೆ. ವಾಸ್ತುಶಿಲ್ಪಿ ರಿಚರ್ಡ್ ರಾಜರ್ಸ್ ಅವರ ಸಂಸ್ಥೆ ರೂಪಿಸಿದ್ದು, ಬಹುತೇಕ ಮರದ ಚೌಕಟ್ಟು. ತ್ರಿಕೋನಾಕಾರದ ನಿವೇಶನದ ಎರಡು ಬದಿಗೆ ರೈಲುಹಳಿ. ಕಟ್ಟಡ ಆ ಸದ್ದಿಗೆ ಬೆನ್ನು ತಿರುಗಿಸಿ, ಎರಡು ತೋಳು ಚಾಚಿದಂತೆ ಅಂಗಳವನ್ನು ಒಳಗಿಟ್ಟುಕೊಂಡು ಬಯಲಿನತ್ತ ನೋಡುತ್ತದೆ. ಉದ್ದನೆಯ ಒಳಹಾದಿಗಳಿಲ್ಲ, ತರಗತಿಗಳಿಂದ ನೇರವಾಗಿ ಬೆಳಕಿಗೆ ಹೊರಬರಬಹುದು, ಎಲ್ಲಿ ನಿಂತ ಮಗುವೂ ಯಾರಾದರೊಬ್ಬ ಉಪಾಧ್ಯಾಯರ ಕಣ್ಣಿಗೆ ಬೀಳುತ್ತದೆ. ಕತ್ತಲೆಯ ಮೆಟ್ಟಿಲಸಾಲಿನ ಕೆಳಗೆ ಏನೇನು ನಡೆಯುತ್ತದೆಂದು ಬಲ್ಲವರಿಗೆ ಈ ವಿನ್ಯಾಸದ ಬೆಲೆ ಗೊತ್ತಾಗುತ್ತದೆ.

ಮೊದಲ ಪ್ರಾಂಶುಪಾಲರು ಸರ್ ಮೈಕೇಲ್ ವಿಲ್ಷಾ. ಅವರು ಅದಕ್ಕೆ ಮೊದಲು ಪಕ್ಕದ ನ್ಯೂಹ್ಯಾಮ್ ಪ್ರದೇಶದಲ್ಲಿ ಕ್ಯಾಥೊಲಿಕ್ ಗಂಡುಮಕ್ಕಳ ಶಾಲೆಯೊಂದನ್ನು ಬಹುಕಾಲ ನಡೆಸಿ ಹೆಸರು ಪಡೆದಿದ್ದರು. ಹೊಸ ಶಾಲೆಯಲ್ಲಿ ಅವರ ಕ್ರಮ ನಮ್ಮ ಹಳೆಯ ಕಾಲದ ಮುಖ್ಯೋಪಾಧ್ಯಾಯರನ್ನು ನೆನಪಿಗೆ ತರುತ್ತದೆ. ಸಮವಸ್ತ್ರದಲ್ಲಿ ಚೂರೂ ವ್ಯತ್ಯಾಸ ಸಲ್ಲದು. ಪಾಠಕ್ಕೆ ಮೊದಲು ಮಕ್ಕಳೆಲ್ಲ ನಿಂತು, ಶಾಂತಚಿತ್ತದಿಂದ ಗಮನವಿಟ್ಟು ಕಲಿಯುತ್ತೇವೆಂಬ ಸಂಕಲ್ಪವಾಕ್ಯವನ್ನು ಒಟ್ಟಾಗಿ ಹೇಳಬೇಕು. ಸಣ್ಣ ತಪ್ಪಿಗೂ ಅದೇ ದಿನ ಶಿಕ್ಷೆ. ಹಿಂದುಳಿದವರಿಗೆ ಸಂಜೆಯ ತರಗತಿ, ಶನಿವಾರದ ತರಗತಿ. ಬಡತನವನ್ನಾಗಲಿ ಮನೆಯ ಸ್ಥಿತಿಯನ್ನಾಗಲಿ ನೆಪವಾಗಿ ಒಪ್ಪುವುದಿಲ್ಲ ಎಂಬುದು ಅವರ ಘೋಷಣೆ.

2009ರ ಬೇಸಿಗೆಯಲ್ಲಿ ಮೊದಲ ತಂಡ ಜಿ.ಸಿ.ಎಸ್.ಇ. ಪರೀಕ್ಷೆಗೆ ಕುಳಿತಿತು. ಇದು ನಮ್ಮ ಎಸ್.ಎಸ್.ಎಲ್.ಸಿ.ಗೆ ಸಮನಾದದ್ದು. ಇಂಗ್ಲಿಷ್ ಮತ್ತು ಗಣಿತವೂ ಸೇರಿದಂತೆ ಐದು ವಿಷಯಗಳಲ್ಲಿ 'ಸಿ' ಅಥವಾ ಅದಕ್ಕೂ ಮೇಲಿನ ಶ್ರೇಣಿ ಪಡೆಯುವುದು ಆಗಿನ ಅಳತೆಗೋಲು. ಇಂಗ್ಲೆಂಡಿನಾದ್ಯಂತ ಸುಮಾರು ಅರ್ಧದಷ್ಟು ಮಕ್ಕಳು ಆ ಮಟ್ಟ ತಲಪಿದ್ದರೆ, ಮಾಸ್‌ಬೋರ್ನ್‌ನಲ್ಲಿ ತಲಪಿದವರು ಶೇಕಡಾ 84. ಅಲ್ಲಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಉಚಿತ ಊಟಕ್ಕೆ ಅರ್ಹರಾದವರು. ನಮ್ಮ ಬಿಸಿಯೂಟದಂತೆ ಅದು ಎಲ್ಲರಿಗೂ ಕೊಡುವಂಥದ್ದಲ್ಲ. ಆ ವಯಸ್ಸಿನ ಮಕ್ಕಳಲ್ಲಿ ಬಡಕುಟುಂಬದವರಿಗೆ ಮಾತ್ರ ಸಲ್ಲುತ್ತಿದ್ದುದರಿಂದ ಬಡತನದ ಸೂಚ್ಯಂಕವಾಗಿ ಬಳಕೆಯಾಗುತ್ತದೆ. 2010ರಲ್ಲಿ ಆಫ್‌ಸ್ಟೆಡ್ ಅತ್ಯುನ್ನತ ದರ್ಜೆ ಕೊಟ್ಟಿತು. 2011ರಲ್ಲಿ ಕೆಲವರಿಗೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದಿಂದ ಪ್ರವೇಶದ ಆಹ್ವಾನ ಬಂದದ್ದು ಪತ್ರಿಕೆಗಳ ಮುಖಪುಟದ ಸುದ್ದಿಯಾಯಿತು. ವಿಲ್ಷಾ ಅವರೇ 2012ರ ಜನವರಿಯಲ್ಲಿ ಆಫ್‌ಸ್ಟೆಡ್‌ನ ಮುಖ್ಯಸ್ಥರಾದರು. ಶಿಕ್ಷಕರ ಮನೋಬಲ ಕುಗ್ಗಿದೆಯೆಂದು ಯಾರಾದರೂ ದೂರಿದರೆ ನೀವು ಸರಿಯಾದ ಕೆಲಸ ಮಾಡುತ್ತಿದ್ದೀರಿ ಎಂದರ್ಥ ಎಂಬ ಭಾವದ ಮಾತನ್ನಾಡಿ ಶಿಕ್ಷಕ ಸಮುದಾಯದ ಸಿಟ್ಟಿಗೂ ಗುರಿಯಾದರು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನಾಗಿ ಆ ಮಾತನ್ನು ನಾನು ಒಪ್ಪಲಾರೆ.

ಹಾಗಾದರೆ ಶಿಸ್ತೇ ಎಲ್ಲವನ್ನೂ ಸಾಧಿಸಿತೇ? ಪತ್ರಿಕೆಗಳು ಹಾಗೆಯೇ ಬರೆದವು. ನನಗೆ ಬೇರೆ ಮೂರು ಸಂಗತಿಗಳು ಹೆಚ್ಚು ಮುಖ್ಯವೆಂದು ತೋರುತ್ತವೆ.

ಹೊಸ ಶಾಲೆ ಮೊದಲ ವರ್ಷ ಹನ್ನೊಂದರ ವಯಸ್ಸಿನ ಮಕ್ಕಳನ್ನು ಮಾತ್ರ ತೆಗೆದುಕೊಂಡಿತು. ಎರಡನೆಯ ವರ್ಷ ಇನ್ನೊಂದು ತಂಡ, ಮೂರನೆಯ ವರ್ಷ ಮತ್ತೊಂದು. ಹದಿನೈದು ವರ್ಷದ ಒರಟು ಹುಡುಗರು ಅಲ್ಲಿ ಇರಲೇ ಇಲ್ಲ. ಮೊದಲ ತಂಡದವರೇ ಐದು ವರ್ಷವೂ ಶಾಲೆಗೆ ಹಿರಿಯರು. ನಡವಳಿಕೆಯನ್ನು ಅವರಿಗೆ ಕಲಿಸಿದರೆ ಸಾಕು, ಬೆನ್ನಹಿಂದೆ ಬಂದವರು ಅದನ್ನೇ ಕಂಡು ಕಲಿತರು. ಮೇಲಾಗಿ 2004ರಿಂದ 2009ರವರೆಗೆ ಫಲಿತಾಂಶವೆಲ್ಲಿ ಎಂದು ಕೇಳುವವರು ಯಾರೂ ಇರಲಿಲ್ಲ, ಏಕೆಂದರೆ ಪರೀಕ್ಷೆಗೆ ಕೂರುವ ಮಕ್ಕಳೇ ಇರಲಿಲ್ಲ. ಹಳೆಯ ಶಾಲೆಗೆ ಮಂಡಳಿ ಕೊಟ್ಟದ್ದು ತಿಂಗಳುಗಳನ್ನು, ಹೊಸ ಶಾಲೆಗೆ ಸಿಕ್ಕಿದ್ದು ಐದು ವರ್ಷ.

ಎರಡನೆಯದು ಪ್ರವೇಶದ ಕ್ರಮ. ಸೇರಬಯಸುವ ಮಕ್ಕಳಿಗೆಲ್ಲ ಒಂದು ಪರೀಕ್ಷೆ ಕೊಟ್ಟು, ಸಾಮರ್ಥ್ಯಕ್ಕನುಗುಣವಾಗಿ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಜಾಣರನ್ನಷ್ಟೇ ಆರಿಸಿಕೊಳ್ಳುವ ಕ್ರಮ ಇದಲ್ಲ ಎಂಬುದನ್ನು ಗಮನಿಸಬೇಕು. ಆದರೆ ಹಿಂದುಳಿದವರೇ ತುಂಬಿಹೋಗದಂತೆಯೂ ಇದು ತಡೆಯುತ್ತದೆ. ಹ್ಯಾಕ್ನಿ ಡೌನ್ಸ್ ಶಾಲೆಗೆ ಅದರ ಕೊನೆಯ ವರ್ಷಗಳಲ್ಲಿ ಯಾವುದು ತಪ್ಪಿಹೋಗಿತ್ತೋ ಆ ಸಮತೋಲವನ್ನು ಇಲ್ಲಿ ನಿಯಮದಿಂದಲೇ ಕಾಪಾಡಲಾಯಿತು. ಮತ್ತು ಅರ್ಜಿಗಳು ಸ್ಥಾನಗಳ ಹಲವು ಪಟ್ಟು ಬರತೊಡಗಿದ ಮೇಲೆ ಖಾಲಿ ಜಾಗವೇ ಇಲ್ಲವಾದ್ದರಿಂದ, ವರ್ಷದ ನಡುವೆ ಹೊರಗಿನಿಂದ ಬರುವ ಕಷ್ಟದ ಮಕ್ಕಳು ಬೇರೆ ಶಾಲೆಗಳ ಪಾಲಾದರು.

ಮೂರನೆಯದು ಸಹಶಿಕ್ಷಣ. ಹ್ಯಾಕ್ನಿಯಲ್ಲಿ ಹೆಣ್ಣುಮಕ್ಕಳ ಶಾಲೆಗಳು ಹಲವು ಇದ್ದವು. ಬರಿಯ ಗಂಡುಮಕ್ಕಳ ಶಾಲೆಗೆ ಹಾತೊರೆಯುವ ಪೋಷಕರು ಕಡಿಮೆಯಾಗಿದ್ದರು. ಇಂಗ್ಲೆಂಡಿನಲ್ಲಿ ದಶಕಗಳಿಂದ ಜಿ.ಸಿ.ಎಸ್.ಇ.ಯಲ್ಲಿ ಹುಡುಗಿಯರು ಹುಡುಗರಿಗಿಂತ ಮುಂದಿದ್ದಾರೆ. ನಮ್ಮಲ್ಲಿಯೂ ಅಷ್ಟೆ: 2024ರ ಎಸ್.ಎಸ್.ಎಲ್.ಸಿ.ಯಲ್ಲಿ ಹೆಣ್ಣುಮಕ್ಕಳ ಫಲಿತಾಂಶ ಶೇಕಡಾ 81.11, ಗಂಡುಮಕ್ಕಳದ್ದು 65.90. ಅಂದಮೇಲೆ ಬಡಪ್ರದೇಶದ ಗಂಡುಮಕ್ಕಳ ಶಾಲೆಯೊಂದನ್ನು ಸಹಶಿಕ್ಷಣದ ಶಾಲೆಯ ಪಕ್ಕದಲ್ಲಿಟ್ಟು ಒಂದೇ ಪಟ್ಟಿಯಲ್ಲಿ ತೂಗುವುದು ಮೊದಲೇ ತಗ್ಗಿದ ತಕ್ಕಡಿಯಲ್ಲಿ ತೂಗಿದಂತೆ. ಹುಡುಗಿಯರಿರುವ ತರಗತಿಯಲ್ಲಿ ಹುಡುಗರ ನಡವಳಿಕೆಯೂ ಹದಕ್ಕೆ ಬರುತ್ತದೆಂಬುದು ನನ್ನ ಅನುಭವ. ಇದನ್ನು ಅಂಕಿಅಂಶದಿಂದ ಸಾಧಿಸಿ ತೋರಿಸಲಾರೆ. ಹುಡುಗರ ಶಾಲೆಯಲ್ಲಿಯೂ ಸಹಶಿಕ್ಷಣದ ಶಾಲೆಯಲ್ಲಿಯೂ ಪಾಠ ಮಾಡಿದವನ ಮಾತೆಂದು ಇಟ್ಟುಕೊಳ್ಳಬಹುದು.

ಇವೆಲ್ಲದರ ಜೊತೆಗೆ 2003ರಲ್ಲಿ ಆರಂಭವಾದ 'ಲಂಡನ್ ಚಾಲೆಂಜ್' ಎಂಬ ಸರ್ಕಾರಿ ಯೋಜನೆಯಿಂದ ನಗರದ ಶಾಲೆಗಳು ಒಂದನ್ನೊಂದು ಕೈಹಿಡಿದೆತ್ತಿದವು; ಹಣವೂ ಹರಿದುಬಂದಿತು. ಹ್ಯಾಕ್ನಿಯ ಬೇರೆ ಶಾಲೆಗಳೂ ಆ ವರ್ಷಗಳಲ್ಲಿ ಮೇಲೆದ್ದವು.

ನಾನು ಇಷ್ಟು ವಿವರಕ್ಕೆ ಇಳಿದದ್ದಕ್ಕೆ ಸ್ವಂತದ ಕಾರಣವೊಂದಿದೆ. ನಾನು ಕೆಲಸ ಮಾಡಿದ ಶಾಲೆಗಳಲ್ಲೊಂದು, ಹೆಸರು ಬೇಡ, ವರ್ಷ ವರ್ಷವೂ ನೂರಕ್ಕೆ ನೂರು ಫಲಿತಾಂಶದ ಫಲಕ ಕಟ್ಟುತ್ತಿತ್ತು. ಅದರ ಗುಟ್ಟು ಒಂಬತ್ತನೆಯ ತರಗತಿಯ ಕೊನೆಯಲ್ಲಿತ್ತು. ದುರ್ಬಲರೆಂದು ಕಂಡವರ ಪೋಷಕರನ್ನು ಕರೆಸಿ, ಟಿ.ಸಿ. ತೆಗೆದುಕೊಂಡು ಹೋಗಿ ಇಲ್ಲವೆ ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿ ಎಂದು ಹೇಳಲಾಗುತ್ತಿತ್ತು. ಗಾರೆ ಕೆಲಸದ ತಾಯಿಯೊಬ್ಬಳು ಕಚೇರಿಯ ಬಾಗಿಲಲ್ಲಿ ನಿಂತು, "ಸಾರ್, ಇನ್ನೊಂದೇ ಒಂದು ವರ್ಷ ಇಟ್ಕೊಳ್ಳಿ ಸಾರ್, ಪಾಸಾಗ್ದಿದ್ರೂ ಪರ್ವಾಗಿಲ್ಲ, ಸ್ಕೂಲಿಗೆ ಹೋಗ್ಲಿ" ಎಂದದ್ದು ಕಿವಿಯಲ್ಲಿದೆ. ಸಿಬ್ಬಂದಿ ಸಭೆಯಲ್ಲಿ ನಾನು ಆಕ್ಷೇಪವೆತ್ತಿದೆ; ನಡಾವಳಿಯಲ್ಲಿ ಅದು ದಾಖಲಾಗಲಿಲ್ಲ. ಆ ಹುಡುಗ ಸೇರಿದ ಪಕ್ಕದ ಬೀದಿಯ ಸರ್ಕಾರಿ ಪ್ರೌಢಶಾಲೆಯ ಫಲಿತಾಂಶ ಕಡಿಮೆಯಾಯಿತೆಂದು ಆ ವರ್ಷ ಅಲ್ಲಿನ ಮುಖ್ಯೋಪಾಧ್ಯಾಯಿನಿಯವರಿಗೆ ನೋಟೀಸು ಬಂದಿತು.

ಮಾಸ್‌ಬೋರ್ನ್ ಹೀಗೆ ಮಾಡಿತೆಂದು ನಾನು ಖಂಡಿತ ಹೇಳುತ್ತಿಲ್ಲ. ಅಲ್ಲಿ ಬಡಮಕ್ಕಳು ಓದಿದ್ದು, ಮುಂದೆ ಬಂದದ್ದು ಸತ್ಯ. ಅದನ್ನು ಅಲ್ಲಗಳೆಯುವುದು ಆ ಶಿಕ್ಷಕರಿಗೂ ಮಕ್ಕಳಿಗೂ ಮಾಡುವ ಅನ್ಯಾಯ. ಆದರೆ ಅತಿಯಾದ ಶಿಸ್ತಿನ ಬೆಲೆಯ ಪ್ರಶ್ನೆಯೂ ಹ್ಯಾಕ್ನಿಯಲ್ಲೇ ಎದ್ದಿದೆ. ಮಾಸ್‌ಬೋರ್ನ್ ಸಂಸ್ಥೆ 2014ರಲ್ಲಿ ವಿಕ್ಟೋರಿಯಾ ಪಾರ್ಕ್ ಬಳಿ ಎರಡನೆಯ ಪ್ರೌಢಶಾಲೆಯೊಂದನ್ನು ತೆರೆದಿತ್ತು. ಅಲ್ಲಿ ಮಕ್ಕಳನ್ನು ಗದರಿಸಿ ಹೆದರಿಸಲಾಗುತ್ತದೆಂದು ಅನೇಕ ಪೋಷಕರೂ ಹಳೆಯ ವಿದ್ಯಾರ್ಥಿಗಳೂ ಮಾಡಿದ ಆರೋಪಗಳು 2024ರ ಕೊನೆಯಲ್ಲಿ ಪತ್ರಿಕೆಗಳಲ್ಲಿ ಬಂದವು, ಸ್ವತಂತ್ರ ಪರಿಶೀಲನೆಗೆ ಆದೇಶವಾಯಿತು. ಆ ಶಾಲೆಯ ಪರೀಕ್ಷಾ ಫಲಿತಾಂಶಗಳು ಉತ್ತಮವಾಗಿಯೇ ಇದ್ದವು.

ಅಳತೆಗೋಲುಗಳೂ ಅಲ್ಲಿ ಬದಲಾಗಿವೆ. ಐದು ವಿಷಯಗಳ ಲೆಕ್ಕವನ್ನು 2016ರಲ್ಲಿ ಕೈಬಿಟ್ಟು, ಮಗು ಹನ್ನೊಂದರಲ್ಲಿ ಎಲ್ಲಿತ್ತು, ಹದಿನಾರರಲ್ಲಿ ಎಲ್ಲಿಗೆ ಬಂದಿದೆ ಎಂಬ ಪ್ರಗತಿಯನ್ನು ಅಳೆಯುವ ಕ್ರಮ ತಂದರು. ನಮ್ಮಲ್ಲಿ ಇನ್ನೂ ತೇರ್ಗಡೆಯ ಶೇಕಡಾವಾರು ಒಂದೇ ಮಾತು. 2023ರಲ್ಲಿ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇಟ್ಟ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿಯೂ, 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ನಾಡಿನ ಶಿಕ್ಷಕರೆಲ್ಲ ಪಾಠ ಮರೆತರೆಂದು ಯಾರೂ ನಂಬಲಾರರು.

ಹ್ಯಾಕ್ನಿ ಡೌನ್ಸ್ ಶಾಲೆಯಿಂದ ಎದ್ದುಹೋದ ಆ ಸುಮಾರು 200 ಹುಡುಗರಲ್ಲಿ ಬಹುಮಂದಿಗೆ ಗೊತ್ತುಮಾಡಿದ್ದು ಹತ್ತಿರದ ಹೋಮರ್ಟನ್ ಹೌಸ್ ಎಂಬ ಇನ್ನೊಂದು ಗಂಡುಮಕ್ಕಳ ಶಾಲೆಯನ್ನು. ಅದೂ ಹೆಸರು ಬದಲಿಸಿಕೊಂಡು ಕೆಲಕಾಲ ನಡೆದು 2007ರಲ್ಲಿ ಮುಚ್ಚಿತು. ಅದರ ನಿವೇಶನದಲ್ಲಿ 2009ರಿಂದ ಸಹಶಿಕ್ಷಣದ ಹೊಸ ಅಕಾಡೆಮಿಯೊಂದು ನಡೆಯುತ್ತಿದೆ, ಒಳ್ಳೆಯ ಹೆಸರಿದೆ. ಆ ಹುಡುಗರಿಗೆ ಈಗ ನಲವತ್ತು ದಾಟಿರಬೇಕು. ಅವರ ಪೈಕಿ ಹ್ಯಾಕ್ನಿಯಲ್ಲೇ ನೆಲೆ ನಿಂತವರ ಮಕ್ಕಳು ಈ ಎರಡು ಹೊಸ ಶಾಲೆಗಳಿಗೆ ಅರ್ಜಿ ಹಾಕುವ ವಯಸ್ಸಿನವರು.